ಬೋರಯ್ಯ ನುಂಗಿದ ನೀರು

ಹಾಗಲವಾಡಿಯ ಕಡೆ ಚಿಕ್ಕಬೋರಯ್ಯ ಕೆನ್ನೆ ಉಬ್ಬಿಸಿಕೊಂಡು ನಡೆದು ಹೋಗುತ್ತಿದ್ದರೆ ಯಾರೂ ಅವನನ್ನು ಮಾತನಾಡಿಸುವುದಿಲ್ಲ. ಯಾರದೋ ದನಕ್ಕೆ ಕಾಯಿಲೆ, ಬೋರಯ್ಯ ಸೊಪ್ಪಿಗೆ ಹೊರಟಿದ್ದಾನೆ ಎಂದು ಸುಮ್ಮನೆ ದಾರಿ ಬಿಡುತ್ತಾರೆ. ಬಾಯಿ ತುಂಬ ನೀರು ತುಂಬಿಕೊಂಡು ಹೋಗಿ, ಸೊಪ್ಪು ತಂದು ಅರೆದು ಹಚ್ಚಿ, ಆ ನೀರನ್ನು ದನದ ಕಾಲ ಬಳಿ ಉಗುಳಿದ ಮೇಲೆಯೇ ಅವನ ಮಾತು. ಮದ್ದಿನ ಹೆಸರು ಬಾಯಿಂದ ಹೊರಬಿದ್ದರೆ ಮದ್ದು ಸತ್ತುಹೋಗುತ್ತದೆ ಎಂದು, ಕಲಿಸಿದ ತಾಯಿ ಆಣೆ ಹಾಕಿಸಿಕೊಂಡಿದ್ದಳು. ನಲವತ್ತು ವರ್ಷ ಅವನು ಹೆಂಡತಿಗೂ ಬಾಯಿ ಬಿಟ್ಟವನಲ್ಲ.

ಈ ಸಲದ ಮಳೆಯಲ್ಲಿ ತೆಂಗಿನ ತೋಟದ ಬದುವಿನ ಮೇಲೆ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯ ಮಂಚ ಹಿಡಿದಿದ್ದ. ಆಗಲೇ ಪಕ್ಕದ ಮನೆಯ ಚೆನ್ನಮ್ಮನ ಹಸುವಿಗೆ ಕೆಚ್ಚಲು ಬಾವು ಬಂತು. ಗುಬ್ಬಿಯಿಂದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟಿದ್ದರು. ಬಾವು ಇಳಿಯದಿದ್ದರೆ ಒಂದು ಮೊಲೆ ಬತ್ತಿಹೋಗಬಹುದು ಎಂದೂ ಹೇಳಿದ್ದರು.

"ಬೋರಣ್ಣ, ಹಾಲೆಲ್ಲ ಗಡ್ಡೆ ಗಡ್ಡೆ ಬತ್ತೈತೆ. ಕರ ಬಾಯಿ ಹಾಕಿದ್ರೆ ಒದೀತದೆ," ಎಂದು ಚೆನ್ನಮ್ಮ ಕಣ್ಣೊರೆಸಿಕೊಂಡಳು.

"ಹಾರ್ಕೊಂಡ್ ಬರ್ಲಾ? ಕಾಲ್ ನೋಡು."

"ಕಾಲಿಗಾಯ್ತು, ಬಾಯಿಗೇನಾಗೈತೆ? ಹೆಸ್ರು ಹೇಳು, ನಾನೇ ತತ್ತೀನಿ."

"ಅದೊಂದ್ ಕೇಳ್ಬ್ಯಾಡ ಕಣವ್ವ."

ಕೊನೆಗೆ ಅವನು ಸೊಸೆ ಪ್ರಮೀಳಾಳನ್ನು ಕರೆದ. ಅವಳ ಬಾಯಿಗೆ ನೀರು ತುಂಬಿಸಿದ. ಎಲ್ಲಿ ಬಾಯಿ ಜಾರುತ್ತದೋ ಎಂದು ತಾನೂ ತುಂಬಿಕೊಂಡ. ಆಮೇಲೆ ಎಲ್ಲವೂ ಕೈಸನ್ನೆ: ಇಷ್ಟುದ್ದ, ಅಂಚಿಗೆ ಮುಳ್ಳು, ಒಳಗೆ ದಪ್ಪ ತಿರುಳು. ಕೆನ್ನೆ ಉಬ್ಬಿಸಿಕೊಂಡ ಮಾವ ಸೊಸೆಯನ್ನು ನೋಡಿ, ಅಳುತ್ತಿದ್ದ ಚೆನ್ನಮ್ಮನೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಪ್ರಮೀಳಾ ಬೇಲಿಯಿಂದ ಒಂದು ದಪ್ಪ ಎಲೆ ಕೊಯ್ದು ತಂದಳು. ಅದು ಕತ್ತಾಳೆ, ಅದರ ರಸ ಬರೀ ಕೈಗೆ ತಾಗಿದರೂ ಉರಿ, ತುರಿಕೆ. ಬೋರಯ್ಯ ಬೇಡವೆಂದು ಕೈಯಾಡಿಸಿದ. ಬೇಗ ಕತ್ತರಿಸು ಅನ್ನುತ್ತಿದ್ದಾನೆ ಎಂದುಕೊಂಡು ಅವಳು ಕತ್ತಿ ಎತ್ತಿದಳು.

ಬೋರಯ್ಯ ಬಾಯಲ್ಲಿದ್ದ ನೀರನ್ನು ಗಟಕ್ಕನೆ ನುಂಗಿದ.

"ನಿಲ್ಸವ್ವ. ಅದು ಕತ್ತಾಳೆ, ಕೆಚ್ಚಲು ಬೆಂದೋಯ್ತದೆ. ಲೋಳೆಸರ ತಾ. ಅದ್ಕೆ ಅರಿಶಿನ, ಒಂದ್ ಚಿಟಿಕೆ ಸುಣ್ಣ."

ಹೇಳಿದವನೇ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಪ್ರಮೀಳಾಳೂ ನೀರು ನುಂಗಿದಳು.

"ಲೋಳೆಸರನಾ ಮಾವ? ನಾನು ಮುಖಕ್ಕೆ ಹಚ್ಕೊಳಾಕೆ ಮಾಳಿಗೆ ಮ್ಯಾಲೆ ಕುಂಡದಲ್ಲಿ ನೆಟ್ಟಿದೀನಲ್ಲ, ಅದೇ ತಾನೆ?"

ಮೂರು ದಿನ ಹೆಂಗಸರಿಬ್ಬರೂ ಗಳಿಗೆಗೊಮ್ಮೆ ಹಾಲು ಹಿಂಡಿ ತೆಗೆದು, ಕೆಚ್ಚಲು ತೊಳೆದು ಹಚ್ಚಿದರು. ಸತ್ತ ಮದ್ದು ಏನು ಮಾಡೀತು ಎಂದು ಬೋರಯ್ಯ ಆ ಕಡೆ ನೋಡಲೂ ಇಲ್ಲ. ಮುದ್ದೆಯೂ ಅರ್ಧವೇ ಇಳಿಯುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಚೆನ್ನಮ್ಮ ಸ್ಟೀಲ್ ಲೋಟ ತಂದು ಅವನ ಮೂಗಿನ ಕೆಳಗೆ ಹಿಡಿದಳು. ಬಾವು ಬಂದಿದ್ದ ಮೊಲೆಯದೇ ಹಾಲು. ಒಂದು ಗಡ್ಡೆ ಇಲ್ಲ, ಬೆಳ್ಳಗಿತ್ತು. ಅವನು ಲೋಟವನ್ನು ಓರೆ ಮಾಡಿ ಮಾಡಿ ನೋಡಿದ.

"ಹೆಸ್ರು ಹೇಳ್ಬುಟ್ಟಿದ್ನಲ್ಲ ಚೆನ್ನಮ್ಮ?"

"ನಮ್ ಕಿವಿಗೆ ಹೇಳ್ದೆ. ಹಸ ಆಚೆ ಕೊಟ್ಟಿಗೇಲಿತ್ತು, ಅದಕ್ಕೆ ಕೇಳಿಸ್ನಿಲ್ಲ ಬುಡು."

ಬೋರಯ್ಯನಿಗೆ ನಗು ಬಂತು. ನಕ್ಕು ಮುಗಿಸಿ, ಲೋಟವನ್ನು ಚೆನ್ನಮ್ಮನ ಕೈಗೆ ಕೊಟ್ಟ. ಆಮೇಲೆ ಒಳಗೆ ಕೂಗಿದ.

"ಪ್ರಮೀಳಾ, ಹೊಟ್ಟೆ ಉಬ್ಬರದ ಮದ್ದು ಹೇಳಿಕೊಡ್ತೀನಿ, ಬಾರವ್ವ."

ಅವಳು ಅವಸರದಲ್ಲಿ ಚೊಂಬು ಹಿಡಿದು, ಬಾಯಿಗೆ ನೀರು ಸುರಿದುಕೊಳ್ಳುತ್ತಲೇ ಬಂದಳು.

"ನೀರು ಆಮ್ಯಾಲೆ. ಮೊದ್ಲು ಹೆಸ್ರು ಕೇಳಿಸ್ಕೊ," ಎಂದು ಮಂಚದ ಮೇಲೆ ಜಾಗ ಮಾಡಿಕೊಟ್ಟ.