ನೊರೆಯಣ್ಣನ ಕೈ

ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ನೊರೆಯಣ್ಣ ಅಂತಲೇ. ಇಪ್ಪತ್ತಾರು ವರ್ಷ ಒಂದಲ್ಲ ಒಂದು ಟ್ಯಾಂಕಿನ ಗಾಜಿನ ಕಿಂಡಿಗೆ ಕಣ್ಣಿಟ್ಟು ನೊರೆ ಕಾದ ಮನುಷ್ಯ. ಮೊದಲು ಯೀಸ್ಟ್ ಕಾರ್ಖಾನೆ, ಆಮೇಲೆ ಔಷಧದ್ದು, ಕೊನೆಗೆ ನಮ್ಮದು. ನೊರೆ ಏಳುವ ಮೊದಲೇ ಟ್ಯಾಂಕಿನ ಸದ್ದು ಬದಲಾಗುತ್ತದೆ ಎನ್ನುತ್ತಿದ್ದರು. ನನಗಂತೂ ಯಾವತ್ತೂ ಕೇಳಿಸಲಿಲ್ಲ. ಎರಡೆರಡು ಡಿಗ್ರಿ ಇದ್ದವರಿಗೆ ಕಿವಿ ಮಂದ ಎಂದು ನಗುತ್ತಿದ್ದರು.

ನಾನು ಲ್ಯಾಬಿನವಳು. ಜೀನ್ ತಿದ್ದಿದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ತಿನ್ನಿಸಿ, ಪ್ಲಾಸ್ಟಿಕ್ ತಯಾರಿಕೆಗೆ ಬೇಕಾದ ಆಮ್ಲವೊಂದನ್ನು ಅದರಿಂದ ಮಾಡಿಸುವುದು ನನ್ನ ಕೆಲಸ. ಒಂದು ಲೀಟರಿನ ಗಾಜಿನ ಪಾತ್ರೆಯಲ್ಲಿ ಅದು ಹೇಳಿದ ಮಾತು ಕೇಳುತ್ತಿತ್ತು. ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕಿಗೆ ಹೋದ ಕೂಡಲೇ ತಿರುಗಿಬಿತ್ತು. ಎರಡು ಸಲವೂ ನೊರೆ ಉಕ್ಕಿ, ಮೇಲಿನ ಫಿಲ್ಟರ್ ಕಟ್ಟಿಕೊಂಡು ಎಲ್ಲ ಹಾಳಾಯಿತು. ಮೂರನೆಯದೂ ಕೆಟ್ಟರೆ ನನ್ನ ವಿಭಾಗಕ್ಕೆ ಬೀಗ ಎಂದು ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ನೊರೆ ಇಳಿಸುವ ಎಣ್ಣೆಯ ಲೆಕ್ಕವನ್ನು ಈ ಸಲ ನಾನೇ ಹಾಕಿದೆ. ಒಂದು ಲೀಟರಿಗೆ ಇಷ್ಟು ಹನಿ, ಹಾಗಾದರೆ ಟ್ಯಾಂಕಿಗೆ ಅದರ ಇಪ್ಪತ್ತು ಸಾವಿರ ಪಟ್ಟು. ನಾಲ್ಕು ಕ್ಯಾನ್. ಮೂರನೇ ಕ್ಲಾಸಿನ ಗುಣಾಕಾರ!

"ಮೇಡಂ, ಒಂದ್ ಕ್ಯಾನ್ ಸಾಕಲ್ವಾ?" ಅಂದರು ನೊರೆಯಣ್ಣ. "ನೊರೆ ಇರೋದು ಮೇಲ್ಗಡೆ ಮಾತ್ರ. ಎಣ್ಣೆ ಜಾಸ್ತಿ ಆದ್ರೆ ಒಳಗಿರೋವಕ್ಕೆ ಗಾಳಿ ಸಿಗಲ್ಲ, ಉಸಿರು ಕಟ್ಟುತ್ತೆ."

"ಲೆಕ್ಕ ನಾಲ್ಕು ಅನ್ನುತ್ತೆ, ಅಣ್ಣ."

"ಸರಿ. ನೀವು ಓದಿದೋರು."

ಮರುದಿನ ಮಧ್ಯಾಹ್ನ ನೊರೆ ಎದ್ದಿತು. ಅವರು ಏಣಿ ಹತ್ತಿ ವಾಲ್ವ್ ಹಿಡಿದರು. ಒಂದು ಕ್ಯಾನ್ ಇಳಿದ ಮೇಲೆ ತಿರುಗಿ ನನ್ನ ಕಡೆ ನೋಡಿದರು. "ಬೇಗ, ನಾಲ್ಕೂ ಬಿಡಿ!" ಎಂದು ಕೂಗಿದವಳು ನಾನು. ನೊರೆ ಕರಗಿತು, ನಾನು ಚಪ್ಪಾಳೆ ತಟ್ಟಿದೆ. ಹತ್ತು ನಿಮಿಷಕ್ಕೆ ಆಮ್ಲಜನಕದ ಮುಳ್ಳು ಸೊನ್ನೆಗೆ ಬಿತ್ತು. ಗಾಳಿ ಹೆಚ್ಚಿಸಿದೆವು, ಕಲಕುವ ವೇಗ ಹೆಚ್ಚಿಸಿದೆವು. ಮುಳ್ಳು ಏಳಲೇ ಇಲ್ಲ. ಸಂಜೆಗೆ ಟ್ಯಾಂಕ್ ಸತ್ತಿತ್ತು.

"ಎಣ್ಣೆ ಬಿಟ್ಟಿದ್ಯಾರು?" ಸಭೆಯಲ್ಲಿ ಮ್ಯಾನೇಜರ್ ಕೇಳಿದರು.

"ನಾನೇ, ಸರ್," ಅಂದರು ನೊರೆಯಣ್ಣ. ಉಳಿದದ್ದನ್ನು ನಾನು ಹೇಳುತ್ತೇನೆಂದು ಕಾದರು.

"ಲೆಕ್ಕ ಸರಿಯಾಗೇ ಇತ್ತು," ಅಂದೆ ನಾನು. "ನಿಧಾನಕ್ಕೆ ಬಿಡಬೇಕಿತ್ತು. ಅವಸರ ಆಯ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದವಳು ನಾನೇ. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮನಿದ್ದಾಳೆ, ಕೆಲಸ ಹೋದರೆ ಗತಿಯೇನು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ನೊರೆಯಣ್ಣನನ್ನು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ತಿಂಗಳಾದ ಮೇಲೆ, ಎಲ್ಲ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ಎರಡೇ ಕೋಣೆ. ಅವರ ಹೆಂಡತಿ, ನಾವೆಲ್ಲ ಅತ್ತಿಗೆ ಅನ್ನುವವರು, ಕಿಟಕಿಯ ಬಳಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ನೊರೆಯಣ್ಣ ಬಚ್ಚಲ ಬಾಗಿಲಲ್ಲಿ ಕೂತು ಚೊಂಬಿನಿಂದ ಚೊಂಬಿಗೆ ನೀರು ಸುರಿಯುತ್ತಿದ್ದರು.

"ದಿನಾ ಇದೇ ಕಣಮ್ಮ," ಅತ್ತಿಗೆ ದನಿ ತಗ್ಗಿಸಿದರು. "ಕೈ ಅವಸರ ಮಾಡುತ್ತಾ ಅಂತ ನೋಡ್ಕೋತಾರಂತೆ. ಯೀಸ್ಟ್ ಕಾರ್ಖಾನೆಯವ್ರು ವಾಪಸ್ ಕರೆದ್ರು. ಭಯ ಅಂತ ಹೋಗ್ಲೇ ಇಲ್ಲ. ನಿಮ್ ಮಾತಂದ್ರೆ ಅವ್ರಿಗೆ ವೇದವಾಕ್ಯ. ನೀವಾದ್ರೂ ಒಂದ್ಮಾತು ಹೇಳಿ."

ನಾಲಿಗೆಯ ತುದಿಗೆ ಬಂದದ್ದನ್ನು ಟೀ ಜೊತೆ ನುಂಗಿದೆ. ಛೀ, ಎಂಥ ಜನ್ಮ ನನ್ನದು!

ತಪ್ಪು ಕೈಯದು, ವಿಧಾನದ್ದಲ್ಲ ಎಂದು ತೀರ್ಮಾನವಾಗಿತ್ತಲ್ಲ, ಹಾಗಾಗಿ ಕಂಪನಿ ನನಗೆ ಇನ್ನೊಂದು ಅವಕಾಶ ಕೊಟ್ಟಿತು. ಈ ಸಲ ವಾಲ್ವ್ ಹಿಡಿದವಳು ನಾನೇ. ಬಿಟ್ಟದ್ದು ಒಂದೇ ಕ್ಯಾನ್; ಪುಸ್ತಕದಲ್ಲಿ ಬರೆದದ್ದು ನಾಲ್ಕು. ನೊರೆ ಇಳಿಯಿತು, ಮುಳ್ಳು ಅಲ್ಲಾಡಲಿಲ್ಲ, ಆಮ್ಲ ಬಂತು. ಮ್ಯಾನೇಜರ್ ನನ್ನ ಕೈ ಕುಲುಕಿ ಎದುರಿಗೆ ಕೂತಿದ್ದಾಗ ಫೋನ್ ಬಂತು.

"ಮೇಡಂ, ಗೆದ್ರಂತೆ!" ನೊರೆಯಣ್ಣನ ದನಿಯಲ್ಲಿ ನಿಜವಾದ ಖುಷಿ ಇತ್ತು. ಆಮೇಲೆ ಕೇಳಿದರು, "ಎಷ್ಟು ಕ್ಯಾನ್ ಬಿಟ್ರಿ?"

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು.

"ನಾಲ್ಕೇ, ಅಣ್ಣ. ನಿಧಾನಕ್ಕೆ ಬಿಟ್ವಿ."



"ಹಾಗಾದ್ರೆ ನನ್ ಕೈದೇ ತಪ್ಪು ಬಿಡಿ," ಅಂದರು. "ನಿಮ್ ಲೆಕ್ಕಾನೇ ತಪ್ಪು ಅಂತ ಒಳಗೊಳಗೇ ಅಂದ್ಕೊಂಡಿದ್ದೆ. ಮನಸ್ಸಿಗೆ ಹಚ್ಕೋಬೇಡಿ, ಮೇಡಂ."