ಗುರುಸಿದ್ದವ್ವನಿಗೆ ಒಗ್ಗಿದ ಗುಳಿಗೆ

ಮುಂಡರಗಿ ಬಸ್ ನಿಲ್ದಾಣದ ಹಿಂದಿನ ಓಣಿಯ ಚಿಕ್ಕ ಅಂಗಡಿಯಲ್ಲಿ ಗುರುಸಿದ್ದವ್ವ ಹದಿನಾರು ವರ್ಷಗಳಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಳು. ದಿನಕ್ಕೆ ಇನ್ನೂರಕ್ಕೆ ಕಡಿಮೆ ಇಲ್ಲ. ಗಂಡ ಸಂಗಪ್ಪ ಅವನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಬುಟ್ಟಿಗೆ ಹಾಕಿ, ಸೈಕಲ್ ಮೇಲೆ ಖಾನಾವಳಿಗಳಿಗೆ ಒಯ್ದು ಕೊಡುತ್ತಿದ್ದ. ಒಬ್ಬಳೇ ಮಗಳು ವಾಣಿಶ್ರೀ ಮದುವೆಯಾಗಿ ಶಿರಹಟ್ಟಿಯಲ್ಲಿದ್ದಳು.

ಗುರುಸಿದ್ದವ್ವ ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಏನನ್ನಾದರೂ ಕೇಳದೆ ಬಿಟ್ಟವಳಲ್ಲ. ಮೀಟರ್ ಬರೆಯಲು ಬಂದವನನ್ನು ನಿಲ್ಲಿಸಿಕೊಂಡು ಮುಳ್ಳು ಯಾಕೆ ತಿರುಗುತ್ತದೆ ಎಂದು ಕೇಳುವಳು. ಹಿಟ್ಟಿನ ಗಿರಣಿಯವನನ್ನು, ಹೊಸ ಜೋಳದ ಹಿಟ್ಟು ಹೆಚ್ಚು ನೀರು ಯಾಕೆ ಕುಡಿಯುವುದಿಲ್ಲ ಎಂದು ಕೇಳುವಳು. ಅವಳನ್ನು ಕಂಡರೆ ಕೆಲವರು ಹಾದಿ ಬದಲಿಸುತ್ತಿದ್ದರು.

ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತಿದ್ದವಳು ಹಾಗೆಯೇ ಮುಂದಕ್ಕೆ ಬಿದ್ದಳು. ಎಚ್ಚರವಾದಾಗ ಬಲಗೈ ಮೊಣಕೈತನಕ ಸುಟ್ಟಿತ್ತು, ನಾಲಿಗೆ ಕಚ್ಚಿ ಹೋಗಿತ್ತು. ಯಾರೋ ಅವಳ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ಇಟ್ಟಿದ್ದರು. ಇನ್ನಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ಸಂಗಪ್ಪನ ಮುಖ ಮಾತ್ರ ಅವಳಿಗೆ ಗುರುತು ಸಿಕ್ಕಿತು. ಅವನು ಅಳುತ್ತಿದ್ದ.

"ಏನಾತು?" ಎಂದಳು.

"ಮೂರ್ಛಿ ಬಂದಿತ್ತು. ಕೈಕಾಲು ಹೆಂಗ ಬಡ್ಕೊಂಡೀ ಅಂದ್ರ..."

"ಎಷ್ಟೊತ್ತು?"

ಅಂಥ ಹೊತ್ತಿನಲ್ಲೂ ಅವಳಿಗೆ ಅದು ಬೇಕಿತ್ತು. ಗಡಿಯಾರ ನೋಡಿದವರು ಯಾರೂ ಇರಲಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಮತ್ತೆ ಎರಡು ಸಲ ಬಂದಾಗ ಇಬ್ಬರೂ ಗದಗಿನ ಬಸ್ ಹತ್ತಿದರು.

ಗದಗಿನ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರ್ ಸುಶ್ಮಿತಾ ಬೆಟಗೇರಿಯ ನೇಕಾರರ ಮನೆಯ ಮಗಳು. ಮಾತು ಊರಿನದೇ. ತಲೆಯ ಸ್ಕ್ಯಾನ್ ಆಯಿತು, ತಲೆತುಂಬ ವೈರು ಅಂಟಿಸಿ ಮಿದುಳಿನ ಗೆರೆಗಳನ್ನು ಕಾಗದದ ಮೇಲೆ ತೆಗೆದದ್ದಾಯಿತು. ಆ ಗೆರೆಗಳನ್ನು ಗುರುಸಿದ್ದವ್ವ ಬಹಳ ಹೊತ್ತು ನೋಡಿದಳು. ಡಾಕ್ಟರು ಕೇಳುವ ಮೊದಲೇ ಇವಳು ಕೇಳಿದಳು:

"ಗುಳಿಗಿ ತಗೊಂಡ್ರ ನಿಂತು ಹೊಕ್ಕೈತೇನ್ರಿ?"

"ನಿಲ್ಲೂದು ನಿಲ್ತೈತಿ ಅವ್ವಾರ. ಆದ್ರ ಇವತ್ತ ಕೊಟ್ಟು ನಾಳಿ ನಿಲ್ತೈತಿ ಅನ್ನೂವಂಗಿಲ್ಲ. ಯಾವ ಗುಳಿಗಿ, ಎಷ್ಟು ಅಂತ ಹುಡುಕಬೇಕು."

"ಹುಡುಕೂದಂದ್ರ? ನಿಮ್ಮ ಪುಸ್ತಕದಾಗ ಬರದಿರೂದಿಲ್ಲೇನ್ರಿ?"

ಡಾಕ್ಟರ್ ಸುಶ್ಮಿತಾ ನಕ್ಕರು. "ಎಷ್ಟರಿಂದ ಎಷ್ಟರ ಮಟ ಕೊಡಬೇಕು ಅಂತ ಬರದೈತ್ರಿ. ಗುರುಸಿದ್ದವ್ವಗ ಎಷ್ಟು ಅಂತ ಬರದಿಲ್ಲ."

ಈ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ, ಬಸ್ಸಿನಲ್ಲಿ ಮುಂಡರಗಿ ಬರುವತನಕ ಸಂಗಪ್ಪನಿಗೆ ಮೂರು ಸಲ ಹೇಳಿದಳು. ಅಂಗಡಿಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದಳು. ಮೂರ್ಛೆ ಬಂದ ದಿನಕ್ಕೆ ಕುಂಕುಮದ ಬೊಟ್ಟು. ಪಕ್ಕದಲ್ಲಿ ಪೆನ್ಸಿಲಿನಿಂದ ಹೊತ್ತು. ಹೊತ್ತು ನೋಡುವ ಕೆಲಸ ಸಂಗಪ್ಪನದು.

ಮೊದಲನೆಯ ಗುಳಿಗೆ ಐದು ತಿಂಗಳು ನಡೆಯಿತು. ಬೊಟ್ಟುಗಳು ಕಡಿಮೆಯಾದವು, ಆದರೆ ಒಸಡು ಬಾತು ಹಲ್ಲುಗಳನ್ನೇ ಮುಚ್ಚುವಂತಾಯಿತು. ಡಾಕ್ಟರು ಅದನ್ನು ನಿಧಾನವಾಗಿ ಇಳಿಸುತ್ತ ಎರಡನೆಯದನ್ನು ಏರಿಸಿದರು. ಎರಡನೆಯದು ಮೂರ್ಛೆಯನ್ನು ಚೆನ್ನಾಗಿಯೇ ಹಿಡಿಯಿತು. ಆದರೆ ಗುರುಸಿದ್ದವ್ವನ ಸ್ವಭಾವವನ್ನೇ ಕಸಿದುಕೊಂಡಿತು. ಯಾರ ಮೇಲೂ ದನಿ ಏರಿಸದವಳು, ರೊಟ್ಟಿಗೆ ಹಚ್ಚಿಕೊಳ್ಳಲು ಎರಡನೆಯ ಸಲ ಶೇಂಗಾ ಹಿಂಡಿ ಕೇಳಿದ ಗಿರಾಕಿಯ ಮುಂದೆ ಹಿಂಡಿಯ ಡಬ್ಬಿಯನ್ನೇ ಎತ್ತಿ ಒಗೆದಳು. ಆಮೇಲೆ ಒಲೆಯ ಮುಂದೆ ಕುಳಿತು, "ಇದು ನಾನ ಏನು, ಗುಳಿಗೀನ ಏನು?" ಎಂದು ತನ್ನನ್ನೇ ಕೇಳಿಕೊಂಡಳು.

"ಗುಳಿಗಿ," ಎಂದರು ಡಾಕ್ಟರು, ಮುಂದಿನ ಭೇಟಿಯಲ್ಲಿ. "ಎಲ್ಲಾರಿಗೂ ಹಿಂಗ ಆಗಂಗಿಲ್ಲ. ಕೆಲವರಿಗೆ ಆಕ್ಕೈತಿ. ಬದಲಿ ಮಾಡೂಣು."

ಮೂರನೆಯದು ಉದ್ದನೆಯ, ದಪ್ಪನೆಯ ಗುಳಿಗೆ. ಬೆಳಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಸಿಟ್ಟು ಇಳಿಯಿತು, ಒಸಡುಗಳೂ ಸುಮ್ಮನಿದ್ದವು. ಆದರೆ ಹತ್ತು ಗಂಟೆಯ ಸುಮಾರಿಗೆ ತಲೆ ಗಿರ್ರೆನ್ನತೊಡಗಿತು. ಹಂಚಿನ ಮೇಲೆ ಒಂದು ರೊಟ್ಟಿ ಇದ್ದರೆ ಅವಳಿಗೆ ಎರಡು ಕಾಣುತ್ತಿದ್ದವು. ಇಲ್ಲದ ರೊಟ್ಟಿಗೆ ಕೈ ಹಾಕಿ ಬೆರಳು ಸುಟ್ಟುಕೊಂಡಳು. ಇಷ್ಟಾಗಿಯೂ ಮೂರ್ಛೆ ನಿಲ್ಲಲಿಲ್ಲ. ಡಾಕ್ಟರು ಪ್ರಮಾಣ ಏರಿಸಿದರು. ತಲೆ ಇನ್ನಷ್ಟು ತಿರುಗಿತು. ಮೂರ್ಛೆ ಆಗಲೂ ಬಂತು.

ಈಗ ಒಲೆಯ ಮುಂದೆ ಕೂರಲು ಸಂಗಪ್ಪ ಬಿಡಲಿಲ್ಲ. ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ರೊಟ್ಟಿಗೆ ಹಚ್ಚಿ, ಇವಳನ್ನು ಹಿಟ್ಟು ನಾದಲು ಕೂರಿಸಿದ. ಕೈಗೆ ಕೆಲಸ ಕಡಿಮೆಯಾದಾಗ ಕಣ್ಣು ಕ್ಯಾಲೆಂಡರಿನ ಮೇಲೆ ಹೋಯಿತು. ತಲೆ ತಿರುಗಿದ್ದಕ್ಕೂ ಅವಳು ಗೀಟು ಎಳೆದಿದ್ದಳು, ಹೊತ್ತಿನ ಸಮೇತ. ಒಂದು ಮಧ್ಯಾಹ್ನ ನಾಲ್ಕು ತಿಂಗಳಿನ ಹಾಳೆಗಳನ್ನು ಕಿತ್ತು ನೆಲದ ಮೇಲೆ ಸಾಲಾಗಿ ಹಾಸಿದಳು.

ಸಂಗಪ್ಪ ಬಂದು ನೋಡಿ, "ಇದೇನಿದು, ಪಂಚಾಂಗ ನೋಡಾಕತ್ತಿ ಏನು?" ಎಂದ.

"ಇಲ್ಲಿ ಬರ್ರಿ. ಮೂರ್ಛಿ ಬಂದಿದ್ದೆಲ್ಲಾ ಯಾವಾಗ ನೋಡ್ರಿ. ನಸಿಕಿನ್ಯಾಗ, ಇಲ್ಲಾಂದ್ರ ಸಂಜಿ ಏಳರ ಮ್ಯಾಲೆ. ಗುಳಿಗಿ ತಗೊಳ್ಳೂಕಿಂತ ಮದ್ಲ. ತಲಿ ತಿರಗಿದ್ದೆಲ್ಲಾ ಗುಳಿಗಿ ತಗೊಂಡ ಮ್ಯಾಲೆ."

"ಹಂಗಾರ?"

"ಹಂಗಾರ ಗುಳಿಗಿ ಒಮ್ಮಿ ಜಾಸ್ತಿ ಆಗಾಕತ್ತೈತಿ, ಒಮ್ಮಿ ಕಡಿಮಿ ಬೀಳಾಕತ್ತೈತಿ. ತಗೊಳ್ಳೂದು ದಿನಾ ಅಷ್ಟ ಅಲ್ಲೇನು? ಯಾಕ ಹಿಂಗ?"

ಹಾಳೆಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಮುಂದಿನ ಮಂಗಳವಾರ ಗದಗಿಗೆ ಹೋದಳು.

ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದವಳು ಲಾಲಬಿ. ಲಕ್ಷ್ಮೇಶ್ವರದವಳು, ಅರವತ್ತರ ಹತ್ತಿರದ ದುಂಡನೆಯ ಹೆಂಗಸು. ಗಾದಿ ಹೊಲಿಯುವ ಮನೆತನ. ಅವಳ ಕೈಯಲ್ಲಿದ್ದ ಗುಳಿಗೆಯ ಹಾಳೆಯನ್ನು ನೋಡಿ ಗುರುಸಿದ್ದವ್ವ ನೆಟ್ಟಗೆ ಕುಳಿತಳು.

"ಅಕ್ಕಾರ, ಇದು ನಂದೂ ಇದ ಐತಲ್ರಿ! ನಿಮಗ ತಲಿ ತಿರುಗೂದಿಲ್ಲೇನು?"

"ಇಲ್ಲವ್ವಾ. ಒಂದೂವರಿ ವರ್ಷ ಆತು, ಫಿಟ್ಸೂ ಇಲ್ಲ, ಏನೂ ಇಲ್ಲ."

"ದಿನಕ್ಕ ಎಷ್ಟು ತಗೋತೀರಿ?"

ಲಾಲಬಿ ಹೇಳಿದ ಲೆಕ್ಕ ಇವಳದರ ಮೂರರಲ್ಲಿ ಒಂದು ಪಾಲು. ಗುರುಸಿದ್ದವ್ವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಲಾಲಬಿ ತನಗಿಂತ ದಪ್ಪ. ಹಾಗಾದರೆ ಅವಳಿಗೇ ಹೆಚ್ಚು ಬೇಕಾಗಬೇಕಲ್ಲ? ಒಂದೊಂದಾಗಿ ಕೇಳುತ್ತ ಹೋದಳು. ಉಂಡ ಮೇಲೋ, ಉಣ್ಣುವ ಮೊದಲೋ? ಚಹಾದ ಜೊತೆಗೋ, ನೀರಿನ ಜೊತೆಗೋ? ಬೇರೆ ಔಷಧ ಏನಾದರೂ ಉಂಟೋ? ಲಾಲಬಿಗೆ ಮೊದಲು ನಗು ಬಂತು, ಆಮೇಲೆ ಅವಳಿಗೂ ರುಚಿ ಹತ್ತಿತು.

"ನಿಲ್ಲಬೇ, ನನ್ನ ಗುಳಿಗಿ ಹೊತ್ತು ಆತು. ನೋಡೇ ಬಿಡು, ಹೆಂಗ ತಗೋತೀನಿ ಅಂತ." ಎಂದು ಹಾಳೆಯಿಂದ ಗುಳಿಗೆ ಬಿಡಿಸಿ ಬಾಯಿಗೆ ಹಾಕಿಕೊಂಡು, ಬಾಟಲಿಯ ನೀರು ಕುಡಿದು, ಗುಟುಕ್ಕನೆ ನುಂಗಿದಳು.

ಗುರುಸಿದ್ದವ್ವ ಬೆರಗಾದಳು. "ಇಡೀದ ನುಂಗಿದ್ರೇನು?"

"ಮತ್ತ? ಅಗಿಬ್ಯಾಡ, ಒಡಿಬ್ಯಾಡ ಅಂತ ಔಷಧದ ಅಂಗಡಿಯಾಂವ ಹೇಳ್ಯಾನಲ್ಲ. ನೀ ಹೆಂಗ ತಗೋತಿ?"

ಗುರುಸಿದ್ದವ್ವ ಸಣ್ಣವಳಿದ್ದಾಗ ಹುಣಸೆಬೀಜ ಗಂಟಲಲ್ಲಿ ಸಿಕ್ಕು ಜೀವ ಹೋಗುವಂತಾಗಿತ್ತು. ಅಂದಿನಿಂದ ಯಾವ ಗುಳಿಗೆಯನ್ನೂ ನುಂಗಿದವಳಲ್ಲ. ಇದನ್ನೂ ಹಿತ್ತಾಳೆ ಚರಿಗೆಯ ತಳದಿಂದ ಕುಟ್ಟಿ, ನುಣ್ಣಗೆ ಪುಡಿ ಮಾಡಿ, ಬೆಲ್ಲದಲ್ಲಿ ಕಲಸಿ ನೆಕ್ಕುತ್ತಿದ್ದಳು. ಅದು ಹೇಳುವಂಥ ಸಂಗತಿ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಒಳಗೆ ಕರೆದಾಗ ಹಾಳೆಗಳನ್ನು ಡಾಕ್ಟರ ಮೇಜಿನ ಮೇಲೆ ಹರವಿ, ಗೀಟು ಬೊಟ್ಟುಗಳನ್ನು ತೋರಿಸಿ, ಕೊನೆಗೆ ಕೇಳಿದಳು: "ಮೇಡಂ, ಗುಳಿಗಿ ಕುಟ್ಟಿ ತಗೊಂಡ್ರ ಏನರ ಆಕ್ಕೈತೇನ್ರಿ?"

ಡಾಕ್ಟರ್ ಸುಶ್ಮಿತಾ ಪೆನ್ನು ಕೆಳಗಿಟ್ಟರು. "ಕುಟ್ಟಿ?"

"ಚರಿಗಿಲೆ."

ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಗುರುಸಿದ್ದವ್ವ, ಈ ಗುಳಿಗಿ ಹೊಟ್ಯಾಗ ಒಮ್ಮಿಗೇ ಕರಗಬಾರದು. ತಾಸ ತಾಸಿಗೆ ಸ್ವಲ್ಪ ಸ್ವಲ್ಪ ಬಿಡೂವಂಗ ಮಾಡಿರ್ತಾರ. ನೀವು ಕುಟ್ಟಿದ್ದಕ್ಕ ಹನ್ನೆರಡು ತಾಸಿಂದು ಎಲ್ಲಾ ಒಮ್ಮಿಗೇ ರಕ್ತಕ್ಕ ಏರೇತಿ. ಅದಕ್ಕ ತಲಿ ತಿರಗೇತಿ. ಜಲ್ದಿ ಖಾಲಿನೂ ಆಗೇತಿ. ಅದಕ್ಕ ಮೂರ್ಛಿ ಬಂದೇತಿ. ನಾ ಏನ್ ಮಾಡಿದೆ? ಮೂರ್ಛಿ ಬಂತು ಅಂತ ಇನ್ನಷ್ಟು ಏರಿಸಿದೆ." ಅವರು ತಲೆ ಅಲ್ಲಾಡಿಸಿದರು. "ಹೆಂಗ ತಗೋತೀರಿ ಅಂತ ನಾನ ಕೇಳಬೇಕಿತ್ತು. ಕೇಳಲಿಲ್ಲ."

ಗುರುಸಿದ್ದವ್ವ ಬೈಗುಳ ಬರುತ್ತದೆಂದು ಕಾಯುತ್ತಿದ್ದಳು. "ನಾನೂ ಹೇಳಲಿಲ್ಲಲ್ರಿ," ಎಂದಳು.

ಕುಟ್ಟಿದ ಗುಳಿಗೆ ತೆಗೆದುಕೊಳ್ಳುವ ಮೊದಲು ಒಮ್ಮೆ, ಎರಡು ತಾಸಿನ ಮೇಲೆ ಇನ್ನೊಮ್ಮೆ ರಕ್ತ ತೆಗೆದು ನೋಡಿದಾಗ ಡಾಕ್ಟರ ಮಾತು ಖರೆ ಎಂದು ತಿಳಿಯಿತು. ಎರಡು ಅಂಕಿಗಳ ನಡುವೆ ಅಜಗಜಾಂತರ. ಗುರುಸಿದ್ದವ್ವ ಆ ಅಂಕಿಗಳನ್ನು ತನ್ನ ಹಾಳೆಯ ಮೇಲೆ ಬರೆಸಿಕೊಂಡಳು.

ಇನ್ನು ನುಂಗುವುದನ್ನು ಕಲಿಯಬೇಕಿತ್ತು. ನಲವತ್ನಾಲ್ಕರ ಹೆಂಗಸು ಮನೆಯಲ್ಲಿ ಕುಳಿತು ನುಂಗುವ ಪಾಠ ಶುರು ಮಾಡಿದಳು. ಬಾಳೆಹಣ್ಣಿನ ಚೂರನ್ನು ಮೊದಲು ಅಕ್ಕಿ ಕಾಳಿನಷ್ಟು, ಮರುದಿನ ಹೆಸರು ಕಾಳಿನಷ್ಟು, ಆಮೇಲೆ ಕಡಲೆಯಷ್ಟು ಮಾಡಿ ನೀರಿನೊಂದಿಗೆ ಒಳಗೆ ಬಿಡುವುದು. ಕಡಲೆಯ ಅಳತೆಯಲ್ಲಿ ಎರಡು ದಿನ ಸೋತಳು. ಕಣ್ಣಲ್ಲಿ ನೀರು ಬಂತು. ಸಂಗಪ್ಪ ಎದುರಿಗೆ ಕುಳಿತು ತಾನೂ ಒಂದೊಂದು ಚೂರು ನುಂಗಿ ತೋರಿಸುತ್ತಿದ್ದ.

"ನೀವು ನುಂಗೂದು ನೋಡಿದ್ರ ನನಗ ನಗಿ ಬರತೈತಿ. ಆ ಕಡೆ ಹೊಳ್ಳ್ರಿ," ಎಂದಳು ಅವಳು. ಅವನು ಗೋಡೆಯ ಕಡೆ ತಿರುಗಿ ಕುಳಿತ. ಒಂಬತ್ತನೆಯ ದಿನ ಅವನು ಹಾಗೆ ಕುಳಿತಿದ್ದಾಗ ಹಿಂದಿನಿಂದ ದನಿ ಬಂತು: "ಹೋತು."

"ಎಲ್ಲಿ ಹೋತು?"

"ಒಳಗ! ಇಡೀ ಗುಳಿಗಿ!"

ಒಂದೇ ವಾರದಲ್ಲಿ ರೊಟ್ಟಿ ಮತ್ತೆ ಒಂದಾಗಿಯೇ ಕಾಣತೊಡಗಿತು. ಡಾಕ್ಟರು ಪ್ರಮಾಣವನ್ನು ಇಳಿಸುತ್ತ ಬಂದರು. ಲಾಲಬಿಯಷ್ಟಕ್ಕೇ ಇಳಿಯುತ್ತದೆಂದು ಗುರುಸಿದ್ದವ್ವ ಅಂದುಕೊಂಡಿದ್ದಳು. ಅದರ ಎರಡು ಪಟ್ಟಿಗೆ ಇಳಿದಾಗಲೇ ಒಂದು ನಸುಕಿನಲ್ಲಿ ಮತ್ತೆ ಮೂರ್ಛೆ ಬಂತು. ಅವಳಿಗೆ ಅಳು ಬಂದರೂ ಬೊಟ್ಟು ಇಟ್ಟು, ಹೊತ್ತು ಬರೆದಳು. ಡಾಕ್ಟರು ಅದನ್ನು ನೋಡಿ ಬೆಳಗಿನದನ್ನು ಹಾಗೆಯೇ ಬಿಟ್ಟು, ರಾತ್ರಿಯದನ್ನಷ್ಟೇ ಸ್ವಲ್ಪ ಏರಿಸಿದರು. ಅಲ್ಲಿಗೆ ನಿಂತಿತು. ಕ್ಯಾಲೆಂಡರಿನ ಹಾಳೆಗಳು ಒಂದರ ಹಿಂದೊಂದು ಬೊಟ್ಟಿಲ್ಲದೆ ತಿರುಗಿದವು. ವರ್ಷ ತುಂಬಿದ ಮೇಲೆ, ಪಕ್ಕದಲ್ಲಿ ಯಾರಾದರೂ ಇರುವ ಕರಾರಿನ ಮೇಲೆ, ಡಾಕ್ಟರು ಅವಳನ್ನು ಒಲೆಯ ಮುಂದೆ ಕೂರಲು ಬಿಟ್ಟರು.

ವಿಚಿತ್ರವೆಂದರೆ, ಅದೇ ವರ್ಷ ಲಾಲಬಿಗೆ ಆ ಗುಳಿಗೆ ಒಗ್ಗದಾಯಿತು. ರಕ್ತದಲ್ಲಿ ಉಪ್ಪಿನಂಶ ಇಳಿದು ಸುಸ್ತಾಗಿ ಮಲಗಿದಳು. ಡಾಕ್ಟರು ಅವಳಿಗೆ ಬದಲಿಗೆ ಕೊಟ್ಟದ್ದು, ಗುರುಸಿದ್ದವ್ವನ ಕೈಯಿಂದ ಹಿಂಡಿಯ ಡಬ್ಬಿ ಒಗೆಸಿದ್ದ ಆ ಎರಡನೆಯ ಗುಳಿಗೆ.

"ಸಿಟ್ಟು ಬರಾಕತ್ತೈತೇನ್ರಿ ಅಕ್ಕಾರ?" ಎಂದು ಗುರುಸಿದ್ದವ್ವ ಫೋನಿನಲ್ಲಿ ಕಳವಳದಿಂದ ಕೇಳಿದಳು.

"ಎಲ್ಲೀ ಸಿಟ್ಟು! ಸೊಸಿ ಎರಡು ಸಲ ಹಾಲು ಉಕ್ಕಿಸಿದ್ಲು, ಏನೂ ಅನ್ನಲಿಲ್ಲ ನಾ. ಆಕೀಗೆ ಅಂಜಿಕಿ ಬಂದೈತಿ."

ಆಸ್ಪತ್ರೆಯ ಬೆಂಚಿನ ಮೇಲೆ ಹೊಸಬರು ಯಾರಾದರೂ ಗುರುಸಿದ್ದವ್ವನನ್ನು, ನಿಮ್ಮನ್ನು ವಾಸಿ ಮಾಡಿದ ಗುಳಿಗೆಯ ಹೆಸರು ಹೇಳಿ, ನಾವೂ ಅದನ್ನೇ ತರುತ್ತೇವೆ ಎಂದು ಕೇಳುವುದುಂಟು. ಅವಳು ಹೆಸರು ಹೇಳುವುದಿಲ್ಲ. "ನಂದು ನನಗ. ನಿಮ್ಮದು ಹುಡುಕಬೇಕು. ಹೊತ್ತು ಬರದಿಡ್ರಿ, ಹೆಂಗ ತಗೋತೀರಿ ಅನ್ನೂದು ಡಾಕ್ಟರಿಗೆ ಹೇಳ್ರಿ," ಎನ್ನುತ್ತಾಳೆ.

ಮೂರ್ಛೆಯಿಲ್ಲದೆ ಎರಡು ವರ್ಷ ಕಳೆದಾಗ ಡಾಕ್ಟರ್ ಸುಶ್ಮಿತಾ ಒಂದು ಮಾತು ತೆಗೆದರು. "ಬೇಕಾದ್ರ ಇನ್ನ ನಿಧಾನಕ ಕಡಿಮಿ ಮಾಡ್ಕೋಂತ ಹೋಗಿ ನೋಡಬಹುದು."

"ಮಾಡಿದ್ರ ಮತ್ತ ಬರೂದಿಲ್ಲೇನ್ರಿ?"

"ಕೆಲವರಿಗೆ ಬರತೈತಿ, ಕೆಲವರಿಗೆ ಬರಂಗಿಲ್ಲ."

"ನಾ ಯಾರೊಳಗ?"

"ಗೊತ್ತಿಲ್ಲ. ಮಾಡಿ ನೋಡಿದ ಮ್ಯಾಲ ತಿಳಿಯೂದು."

ತಿಳಿದುಕೊಳ್ಳುವ ಆಸೆ ಗುರುಸಿದ್ದವ್ವನಿಗೆ ಇಲ್ಲದಿರಲಿಲ್ಲ. ಡಾಕ್ಟರಿಗೆ ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೂ ಹೇಳಿದಳು:

"ಬರೂ ತಿಂಗಳು ಮಗಳು ಬಾಣಂತನಕ್ಕ ಬರ್ತಾಳ್ರಿ. ಕೂಸಿಗೆ ನೀರು ಎರೆಯಾಕಿ ನಾನ. ಅದು ನಡ್ಯಾಕ ಕಲೀಲಿ, ಆಮ್ಯಾಲೆ ನೋಡೂಣಂತ."

ಡಾಕ್ಟರ್ ಸುಶ್ಮಿತಾ ಚೀಟಿಯಲ್ಲಿ ಹಳೆಯ ಪ್ರಮಾಣವನ್ನೇ ಬರೆದು ಕೊಟ್ಟರು. ಗುರುಸಿದ್ದವ್ವ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಎದ್ದವಳು, ಎಳೆಯ ಕೂಸುಗಳಿಗೆ ಔಷಧವನ್ನು ಯಾವ ಲೆಕ್ಕದಲ್ಲಿ ಕೊಡುತ್ತಾರೆ ಎಂದು ಕೇಳುತ್ತ ಮತ್ತೆ ಕುರ್ಚಿಯಲ್ಲಿ ಕುಳಿತಳು.