ಅವ್ವನ ಒಲೆಗೆ ಇಬ್ಬರು ಎಂ.ಪಿ.ಗಳು

ಡಾಕ್ಟರು ಅವ್ವನ ಬೆನ್ನಿಗೆ ಸ್ಟೆಥಾಸ್ಕೋಪ್ ಒತ್ತಿ ಬಹಳ ಹೊತ್ತು ಕೇಳಿದರು. ಅವರಿಗೆ ಅದು ಯಾಕೆ ಬೇಕಿತ್ತೋ ಗೊತ್ತಿಲ್ಲ. ಅವ್ವನ ಎದೆಯ ಸಿಳ್ಳೆ ಬಾಗಿಲ ಹೊರಗೆ ನಿಂತಿದ್ದ ನನಗೇ ಕೇಳುತ್ತಿತ್ತು.

"ಯವ್ವಾ, ಇನ್ಮ್ಯಾಲ ಒಲಿ ಹೊಗಿ ತಾಗಬಾರ್ದು. ಈ ಸಲ ಇಂಜೆಕ್ಷನ್ನಿಗೆ ದಮ್ಮು ಇಳದದ. ಮುಂದಿನ ಸಲ ಇಳೀತದೋ ಇಲ್ಲೋ, ನಾ ಹೇಳಾಕ ಆಗಂಗಿಲ್ಲ."

"ಹೊಗಿ ಇಲ್ದ ರೊಟ್ಟಿ ಹೆಂಗ ಬೇಯಿಸ್ಲಿ ಸಾಹೇಬ್ರ? ಬಿಸಿಲಾಗ ಇಡ್ಲ್ಯಾ?"

ರಾಯಚೂರಿನ ಬಿಸಿಲಿಗೆ ಅದೂ ಆಗದ ಮಾತಲ್ಲ. ಆದರೆ ಡಾಕ್ಟರು ನಗಲಿಲ್ಲ. ಅಪ್ಪನ ಕಡೆ ತಿರುಗಿ, "ಗ್ಯಾಸ್ ತಗೋರಿ" ಅಂದರು.

ಎಂಬತ್ತರ ದಶಕದ ಶುರುವಿನಲ್ಲಿ ಗ್ಯಾಸ್ ತಗೋರಿ ಅನ್ನುವುದು ಆನೆ ತಗೋರಿ ಅಂದ ಹಾಗೆ. ಹೆಸರು ಬರೆಸಿ ಪಾಳಿ ಕಾಯಬೇಕು. ಪಾಳಿ ಬರುವಷ್ಟರಲ್ಲಿ ಬರೆಸಿದವರಿಗೆ ರೊಟ್ಟಿ ಅಗಿಯುವ ಹಲ್ಲು ಉಳಿದಿರುತ್ತಿರಲಿಲ್ಲ. ನಮ್ಮ ಒಲೆಗೆ ಹತ್ತಿಕಟ್ಟಿಗೆಯೇ ಗತಿ. ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಅಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಅಲ್ಲಿ ಯಾರೋ ಹೇಳಿದರಂತೆ, ಎಂ.ಪಿ.ಗಳ ಕೈಯಲ್ಲಿ ವರ್ಷಕ್ಕೆ ಇಷ್ಟು ಅಂತ ಗ್ಯಾಸ್ ಕೂಪನ್ ಇರುತ್ತವೆ, ಒಂದು ಸಿಕ್ಕರೆ ಪಾಳಿ ಇಲ್ಲದೆ ಸಿಲಿಂಡರ್ ಬರುತ್ತದೆ ಅಂತ.

"ನೀ ಹೋಗು," ಅಂದ ಅಪ್ಪ. "ಎಂ.ಪಿ.ಗಳ ಪಟ್ಟಿ ಬರ್ದಾವ ನೀನಽ ಅಲ್ಲೇನು?"

ಆ ಪಟ್ಟಿಯ ಕಥೆ ಹೇಳಲೇಬೇಕು. ನಾನು ಆಗ ಬಿ.ಎ. ಓದುತ್ತಿದ್ದೆ. ರಾಜ್ಯಶಾಸ್ತ್ರದ ಮೇಷ್ಟ್ರು, ಮೊದಲ ಚುನಾವಣೆಯಿಂದ ಇವತ್ತಿನವರೆಗೆ ನಮ್ಮ ಲೋಕಸಭಾ ಕ್ಷೇತ್ರದಿಂದ ಆರಿಸಿ ಹೋದವರ ಚಾರ್ಟ್ ಯಾರು ಬರೆಯುತ್ತೀರಿ ಅಂತ ಕೇಳಿದಾಗ ಮೊದಲು ಕೈ ಎತ್ತಿದವನು ನಾನು. ಲೈಬ್ರರಿಯ ಪುಸ್ತಕದಲ್ಲಿ ನನಗೆ ಬೇಕಾದ ಪುಟಗಳನ್ನೇ ಗೆದ್ದಲು ಮೊದಲು ಓದಿ ಮುಗಿಸಿತ್ತು. ಹಾಗಾಗಿ ಜನರನ್ನೇ ಕೇಳುತ್ತ ಹೋದೆ. ರಾಯಚೂರಿನ ಚಹಾದಂಗಡಿಯಲ್ಲಿ ಒಂದು ಹೆಸರು ಹೇಳಿದರು. ಮಾನ್ವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಸೋದರಮಾವ, "ಎಂ.ಪಿ. ಅಂದ್ರ ದೇವದುರ್ಗದ ಸಾಹೇಬ್ರು, ಅದ್ರಾಗ ಕೇಳೂದೇನದ" ಅಂದ. ಚಂದ್ರಬಂಡದ ಮುದುಕನೊಬ್ಬ, "ನಿಜಾಮ ಹ್ವಾದ ಮ್ಯಾಲ ಯಾರೂ ಬಂದಂಗಿಲ್ಲ ನೋಡಪಾ" ಅಂದ. ಕ್ಷೇತ್ರದ ಗಡಿಯೂ ನನ್ನ ಜೊತೆ ಆಟ ಆಡಿತು. ಹೈದರಾಬಾದ್ ರಾಜ್ಯ ಇದ್ದಾಗ ಒಂದು ನಕ್ಷೆ, ಆಮೇಲೆ ಇನ್ನೊಂದು. ಇವತ್ತು ಇಲ್ಲಿದ್ದ ತಾಲ್ಲೂಕು ನಾಳೆ ಪಕ್ಕದ ಕ್ಷೇತ್ರದಲ್ಲಿ. ನಾನು ಎಲ್ಲವನ್ನೂ ಬರೆದೆ. ಯಾರನ್ನೂ ಬೇಜಾರು ಮಾಡಲಿಲ್ಲ. ನನ್ನ ಚಾರ್ಟಿನಲ್ಲಿ ಒಂದೇ ಅವಧಿಗೆ ಇಬ್ಬರು ಎಂ.ಪಿ.ಗಳಿದ್ದರು, ಒಬ್ಬ ಶಾಸಕರಿದ್ದರು, ಮೂರು ಸಲ ನಿಂತು ಮೂರು ಸಲವೂ ಸೋತವರೊಬ್ಬರು ನನ್ನ ದಯೆಯಿಂದ ಗೆದ್ದಿದ್ದರು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿ, "ಅಕ್ಷರ ಛಂದ ಅದಾವ" ಅಂದರು. ಮನೆಗೆ ಬಂದು ಅಷ್ಟನ್ನೇ ಹೇಳಿದೆ. ಅವತ್ತಿನಿಂದ ಮನೆಯಲ್ಲಿ ನಾನು ಪಾರ್ಲಿಮೆಂಟಿನ ಪಂಡಿತ.

ಮಾವ ಹೇಳಿದ ಸಾಹೇಬರನ್ನು ಹುಡುಕಿಕೊಂಡು ಪಂಡಿತ ದೇವದುರ್ಗದ ಬಸ್ಸು ಹತ್ತಿದ. "ಎಂ.ಪಿ. ಮನಿ ಹತ್ರ ಇಳಿಸ್ರೀ" ಅಂದೆ. ಕಂಡಕ್ಟರ್ ಒಂದು ಮಾತೂ ಕೇಳದೆ ಮನೆಯ ಮುಂದೆಯೇ ಇಳಿಸಿದ. ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು? ನಮ್ಮ ಕಡೆಯ ರೂಢಿ ನನಗೆ ಆಗ ಹೊಳೆಯಲಿಲ್ಲ. ಒಮ್ಮೆ ಕುಸ್ತಿ ಗೆದ್ದವನು ನಡ ಬಗ್ಗಿ ಕೋಲು ಹಿಡಿದರೂ ಪೈಲ್ವಾನನೇ. ಹಾಗೆಯೇ ಒಮ್ಮೆ ಡಿಲ್ಲಿಗೆ ಹೋಗಿ ಬಂದವರು ಸಾಯುವತನಕ ಎಂ.ಪಿ. ಅವರ ಮನೆ ಎಂ.ಪಿ. ಮನಿ, ಅವರ ಎಮ್ಮೆ ಎಂ.ಪಿ. ಎಮ್ಮಿ.

ಪಡಸಾಲೆಯಲ್ಲಿ ಬಿಳಿ ಧೋತರದ ಮುದುಕರೊಬ್ಬರು ಕುಂತು ಶೇಂಗಾ ಸುಲಿಯುತ್ತಿದ್ದರು. ಕಾಲಿಗೆ ಬಿದ್ದೆ. ಸಿಪ್ಪೆ ಹಣೆಗೆ ಅಂಟಿತು.

"ಎಂ.ಪಿ. ಸಾಹೇಬ್ರ, ನಮ್ಮವ್ವಗ ಒಂದು ಗ್ಯಾಸ್ ಕೂಪನ್ ಬೇಕಾಗ್ಯದ್ರೀ."

"ನಾ ಈಗ ಎಂ.ಪಿ. ಅಲ್ಲೋ ತಮ್ಮಾ."

ನನಗೆ ಕಣ್ಣು ತುಂಬಿ ಬಂತು. ಎಂಥ ವಿನಯ. ನಮ್ಮಲ್ಲಿ ನೂರು ಎಕರೆ ಹೊಲ ಇದ್ದವರು "ನಮ್ದೇನದ ಬಿಡ್ರಿ, ಎರಡು ಸಾಲು ಜ್ವಾಳ" ಅನ್ನುತ್ತಾರೆ. ಹೋಳಿಗೆ ಊಟ ಹಾಕಿದವರು "ಬರೇ ನೀರು ಕುಡ್ಸಿ ಕಳಿಸಿದ್ವಿ" ಅನ್ನುತ್ತಾರೆ. ದೊಡ್ಡವರು ಹಾಗೆ ಅಂದಾಗ ಚಿಕ್ಕವರು ಒಪ್ಪಬಾರದು. ನಾನು ಒಪ್ಪಲಿಲ್ಲ.

"ತಾವು ಹಂಗ ಅನಬಾರ್ದ್ರೀ. ನಮಗ ತಾವಽ ಎಂ.ಪಿ."

"ನನ್ನ ಕೈಯಾಗ ಏನೂ ಇಲ್ಲಪಾ."

"ತಮ್ಮ ಕೈಯಾಗ ಇಲ್ದಿದ್ದು ಯಾರ ಕೈಯಾಗ ಅದ್ರೀ?"

ಅವರು ಶೇಂಗಾ ಬಿಟ್ಟು ನನ್ನನ್ನು ನೋಡಿದರು. ಇವನು ಅಣಕಿಸುತ್ತಿದ್ದಾನೋ, ತಲೆಯೇ ಇಷ್ಟೋ ಅಂತ ಅಳೆದಂತಿತ್ತು. ಎರಡನೆಯದೇ ಸರಿ ಅನ್ನಿಸಿರಬೇಕು, ಚಹಾ ತರಿಸಿದರು.

"ನಿಮ್ಮವ್ವ ಒಲಿಗಿ ಏನ್ ಹಾಕ್ತಾಳ?"

"ಹತ್ತಿಕಟಗಿ ರೀ."

"ಕುಂತಽ ಮಲಗ್ತಾಳೇನು?"

"ಹೌದ್ರೀ. ಗ್ವಾಡಿಗಿ ಆನ್ಕೊಂಡು."

ಅವರು ಚಹಾದ ಬಸಿ ಕೆಳಗಿಟ್ಟರು. "ನಮ್ಮಾಕಿನೂ ಹಂಗಽ ಮಲಗ್ತಿದ್ಲು," ಅಂದು ಒಳಗೆ ಹೋಗಿ ಕಾಗದ, ಪೆನ್ನು ತಂದು ಕುಂತರು.

ಒಂದು ಕಾಗದ ಬರೆದರು, ಹರಿದರು. ಇನ್ನೊಂದು ಬರೆದರು, ಅದನ್ನೂ ಹರಿದರು. ಮೂರನೆಯದನ್ನು ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಒಂದು ಹೆಸರು ಬರೆದು ಕೊಟ್ಟರು. "ಈ ಹೆಸರಿನವರ ಕೈಯಾಗಽ ಕೊಡು. ರಾಯಚೂರಾಗ ಯಾರ್ನ ಕೇಳಿದ್ರೂ ಮನಿ ತೋರಿಸ್ತಾರ. ತಡ ಮಾಡಬ್ಯಾಡ."

ಹೆಸರು ಓದಿದೆ. ನಾನು ಬರೆದ ಚಾರ್ಟಿನಲ್ಲಿ ಆ ಹೆಸರು ಇರಲಿಲ್ಲ. ಅಂದಮೇಲೆ ಅದು ರಾಜಕೀಯದವರ ಹೆಸರು ಆಗಿರಲಿಕ್ಕೆ ಸಾಧ್ಯವೇ ಇಲ್ಲ. ಗ್ಯಾಸ್ ಏಜೆನ್ಸಿ ಮಾಲಕರದ್ದು ಅಂತ ತೀರ್ಮಾನ ಮಾಡಿದೆ.

ತಡ ಮಾಡಬೇಡ ಅಂದಿದ್ದರು. ನಾನು ಮಾನ್ವಿಗೆ ಹೋದೆ. ಎಂ.ಪಿ. ಲಕೋಟೆ ಕಿಸೆಯಲ್ಲಿಟ್ಟುಕೊಂಡು ಸೋದರಮಾವನಿಗೆ ತೋರಿಸದೆ ಇರುವುದು ಹೇಗೆ? ಅತ್ತೆ ಕೋಳಿ ಕೊಯ್ದಳು. ಮರುದಿನ ಮಾವ ನನ್ನನ್ನು ನೀರಮಾನ್ವಿಯ ಗೆಳೆಯರ ಮನೆಗೆ ಕರೆದೊಯ್ದು, ಲಕೋಟೆಯನ್ನು ಜಾತಕದಂತೆ ಎಲ್ಲರ ಕೈಗೂ ಕೊಟ್ಟ. ಅಲ್ಲಿಯೂ ಊಟ. ಹೀಗೆ ಐದು ದಿನ.

ರಾಯಚೂರಿಗೆ ಬಂದಾಗ ಮನೆಗೆ ಬೀಗ ಹಾಕಿತ್ತು. ಅವ್ವ ಸರ್ಕಾರಿ ದವಾಖಾನೆಯಲ್ಲಿದ್ದಳು. ಮೂಗಿಗೆ ನಳಿಗೆ. ಅಪ್ಪ ಕೇಳಿದ್ದು ಒಂದೇ ಮಾತು: "ಎಲ್ಲಿದ್ದಿ?" ನಾನು ಲಕೋಟೆ ತೋರಿಸಿದೆ.

ಅಲ್ಲಿಂದ ಗ್ಯಾಸ್ ಏಜೆನ್ಸಿಗೆ ಓಡಿದೆ. ಕೌಂಟರಿನಲ್ಲಿದ್ದ ಸಾಬರು ಲಕೋಟೆಯ ಹೆಸರನ್ನು ಎರಡು ಸಲ ಓದಿದರು.

"ಭಾಯಿ, ಈ ಹೆಸರಿನವ್ರು ಇಲ್ಲಿ ಯಾರೂ ಇಲ್ಲ. ಇದು ಎಂ.ಪಿ. ಸಾಹೇಬ್ರ ಹೆಸ್ರು."

"ಎಂ.ಪಿ. ಸಾಹೇಬ್ರು ದೇವದುರ್ಗದಾಗ ಅದಾರಲ್ರೀ. ಇದನ್ನ ಬರ್ದವ್ರಽ ಅವ್ರು."

"ಅವ್ರು ಹಳೇ ಸಾಹೇಬ್ರು. ಈ ಹೆಸರಿನವ್ರು ಅವ್ರನ್ನ ಸೋಲಿಸಿದವ್ರು. ಎರಡು ಇಲೆಕ್ಷನ್ ಆತು." ನನ್ನ ಬಗಲಚೀಲದಿಂದ ಇಣುಕುತ್ತಿದ್ದ ಪುಸ್ತಕ ನೋಡಿದರು. "ಕಾಲೇಜ್ ಕಲೀತೀರೇನು? ಏನ್ ಸಬ್ಜೆಕ್ಟು?"

"ರಾಜ್ಯಶಾಸ್ತ್ರ ರೀ."

"ಯಾ ಅಲ್ಲಾ," ಅಂದು ಅವರು ನನಗೆ ಕೂಡಲು ಸ್ಟೂಲು ಕೊಟ್ಟರು.

ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ಸೋತವರ ಚೀಟಿಯನ್ನು ಗೆದ್ದವರ ಕೈಗೆ ಕೊಡುವುದು ಹೇಗೆ? ದವಾಖಾನೆಗೆ ವಾಪಸ್ ಬಂದು ಅಪ್ಪನಿಗೆ ಹೇಳಿದರೆ ಅವನೂ ಗಾಬರಿಯಾದ. "ಹರದು ಒಗಿ ಅದನ್ನ. ಇವ ವೈರಿ ಕಡಿಯಾವ ಅಂತ ತಿಳಕೊಂಡ್ರ ನಾಳಿ ಯಾವ ಬಾಗ್ಲಿಗಿ ಹೋಗೂದು?" ಹರಿಯಲು ಕೈ ಹಾಕಿದೆ. ವಾರ್ಡಿನ ಒಳಗಿನಿಂದ ಅವ್ವ ಕೆಮ್ಮಿದಳು. ಹರಿಯಲಿಲ್ಲ. ಧೈರ್ಯದಿಂದಲ್ಲ, ನನ್ನ ಕೈಯಲ್ಲಿ ಬೇರೆ ಕಾಗದವೇ ಇರಲಿಲ್ಲ.

ಈಗಿನ ಎಂ.ಪಿ. ಪುಣ್ಯಕ್ಕೆ ಊರಲ್ಲಿದ್ದರು. ಮನೆಯ ಮುಂದೆ ಜನ. ನನ್ನ ಪಾಳಿ ಬಂದಾಗ ಲಕೋಟೆ ಕೊಟ್ಟು, ಬಾಗಿಲು ಎಷ್ಟು ದೂರ ಇದೆ ಅಂತ ಒಮ್ಮೆ ನೋಡಿಕೊಂಡೆ. ಅವರು ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಇದನ್ನ ಅವ್ರಽ ಬರ್ದ್ರೇನು?"

"ಹೌದ್ರೀ."

"ಯಾವಾಗ?"

"ಐದು ದಿನ ಆತ್ರೀ."

"ಐದು ದಿನ ನೀ ಎಲ್ಲಿದ್ದಿ?"

"ಮಾನ್ವಿಯಾಗ ರೀ."

"ಅವ್ವಗ ದಮ್ಮು ಹತ್ಯದ, ನೀ ಮಾನ್ವಿಯಾಗ ಏನ್ ಮಾಡಾಕತ್ತಿದ್ದಿ?"

"ಊಟ ರೀ."

ಹಿಂದೆ ನಿಂತವರು ನಕ್ಕರು. ಎಂ.ಪಿ. ಸಾಹೇಬರು ನಗಲಿಲ್ಲ. ಕಾರ್ಯದರ್ಶಿಯನ್ನು ಕರೆದು ಕೂಪನ್ ಬರೆಯಲು ಹೇಳಿದರು. ಆತ ಕಿವಿಯ ಹತ್ತಿರ ಬಗ್ಗಿ, "ಈ ವರ್ಷದ್ದು ಮುಗದಾವ್ರೀ. ಉಳಿದಿದ್ದು ಒಂದಽ, ನಿಮ್ಮ ಬೀಗ್ರಿಗಂತ ಇಟ್ಟೀವಿ" ಅಂದ. ಆ ಪಿಸುಮಾತು ಬೀದಿಗೂ ಕೇಳಿತು.

"ಬೀಗ್ರು ತಡೀತಾರ. ಬರಿ."

ಆಮೇಲೆ ನನ್ನನ್ನು ಕೇಳಿದರು, "ನನ್ನ ಬಗ್ಗೆ ಏನರ ಅಂದ್ರೇನು ಅವ್ರು?"

"ಏನೂ ಅನ್ಲಿಲ್ರೀ. ತಡ ಮಾಡಬ್ಯಾಡ ಅಂದ್ರು."

ಅವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅದರಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ದಿನ ಕಿಸೆಯಲ್ಲಿ ಹೊತ್ತು ತಿರುಗಿದವನು ನಾನು.

ಅವ್ವ ದವಾಖಾನೆಯಿಂದ ಬರುವಷ್ಟರಲ್ಲಿ ಸಿಲಿಂಡರ್ ಬಂದಿತ್ತು. ಮೊದಲ ಒಂದು ವಾರ ಅದನ್ನು ಕಚ್ಚುವ ನಾಯಿಯನ್ನು ಮಾತಾಡಿಸುವ ಹಾಗೆ ದೂರದಿಂದಲೇ ಮಾತಾಡಿಸಿದಳು. ಆಮೇಲೆ ರೊಟ್ಟಿ ಮಾಡಿದಳು. "ಹೊಗಿ ವಾಸ್ನಿ ಇಲ್ದ ರೊಟ್ಟಿಗಿ ರುಚಿನಽ ಇಲ್ಲ" ಅಂತ ಬೈದಳು. ಬೈಯುವಾಗ ನಡುವೆ ಉಸಿರಿಗೆ ನಿಲ್ಲಲಿಲ್ಲ. ಅಪ್ಪನೂ ನಾನೂ ಅದನ್ನೇ ಕೇಳುತ್ತ ಕೂತೆವು.

ಮುಂದಿನ ಲೋಕಸಭಾ ಚುನಾವಣೆಗೆ ದೇವದುರ್ಗದ ಮುದುಕರು ಮತ್ತೆ ನಿಂತರು. ಕೂಪನ್ ಕೊಟ್ಟವರೂ ನಿಂತರು. ಅವ್ವ ಮತ ಹಾಕಲು ಹೋದವಳು ಮರೆಯ ಹಿಂದಿನಿಂದ ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿನ ಅಧಿಕಾರಿ "ಯವ್ವಾ, ಆತೇನ್ರೀ?" ಅಂತ ಎರಡು ಸಲ ಕೂಗಿದ್ದು ಹೊರಗಿನ ಪಾಳಿಯಲ್ಲಿದ್ದ ನಮಗೂ ಕೇಳಿತು. ದಾರಿಯಲ್ಲಿ ನಾನು ಕೇಳಿದೆ, "ಯಾರಿಗಿ ಹಾಕಿದಿ ಬೇ?"

"ಇಬ್ರಿಗೂ ಒತ್ತಿ ಬಂದೆ."

ಸಂತೆಗೆ ಹೋಗಿ ಎರಡು ಸೇರು ಉಳ್ಳಾಗಡ್ಡಿ ತಂದೆ ಅನ್ನುವ ಹಾಗೆ ಹೇಳಿದಳು. ನಾನು ರಸ್ತೆಯಲ್ಲೇ ನಿಂತು ಪಾಠ ಶುರು ಮಾಡಿದೆ. ಎರಡು ಗುರುತಿಗೆ ಮುದ್ರೆ ಬಿದ್ದರೆ ಆ ಚೀಟಿ ಕೆಟ್ಟ ಹಾಗೆ, ಎಣಿಸುವುದಿಲ್ಲ, ಇಬ್ಬರಿಗೂ ಸಿಗುವುದಿಲ್ಲ.

ಅವ್ವ ಪೂರ್ತಿ ಕೇಳಿದಳು. "ಒಬ್ಬಾತ ಬರ್ದ, ಒಬ್ಬಾತ ಕೊಟ್ಟ. ಒಬ್ರಿಗಿ ಒತ್ತಿ ಇನ್ನೊಬ್ರಿಗಿ ಹೆಂಗ ಬಿಡ್ಲಿ? ಎಣಿಸಾವ್ರು ಎಣಿಸ್ಲಿ, ಬಿಡ್ಲಿ. ನಾ ಹಾಕೀನಿ," ಅಂದು ಸೆರಗು ತಲೆಗೆ ಹೊದ್ದು, ನನಗಿಂತ ಮುಂದೆ ಏರು ಹತ್ತಿ ನಡೆದಳು.